ಸರಪಳಿಯವರ ಬುದ್ಧಿ

ಮಾಗಡಿ ಕಡೆಯ ನಮ್ಮೂರಲ್ಲಿ ಬದುವಿನ ತಕರಾರು. ಅಪ್ಪ ಹೊಲದಿಂದಲೇ ಫೋನ್ ಮಾಡಿದರು: ‘ನಿಮ್ಮ ಮ್ಯಾಪು ಬರ್ತಾನೇ ಇಲ್ವಲ್ಲೋ ಮಗಾ.’ ಆ ಸರ್ವರ್ ನೋಡಿಕೊಳ್ಳೋನು ನಾನೇ!

ಟೀಮಲ್ಲಿ ಎಲ್ಲರದೂ ಒಂದೇ ಮಾತು, ರ್‍ಯಾಮ್ ಹಾಕ್ಸಿ. ಲಾಗ್ ತೆಗೆದರೆ ಕಥೆಯೇ ಬೇರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕನ್ನೂ ಒಟ್ಟಿಗೆ ತೋರಿಸುವಾಗಲೂ ಅದು ಪ್ರತಿ ಸರ್ವೆ ನಂಬರಿನ ಗಡಿ ಎಳೀತಿತ್ತು.

33 ಅಡಿ ಸರಪಳಿ ಹಿಡಿದು 1,089 ಚದರಡಿಯ ಗುಂಟೆ ಲೆಕ್ಕ ಹಾಕಿದ ಹಳೇ ಸರ್ವೆಯವರು ಹೀಗೆ ಮಾಡಿರಲಿಲ್ಲ. ಹೊಲದ ಗಡಿ ಗ್ರಾಮನಕ್ಷೆಗೆ; ತಾಲ್ಲೂಕು ನಕ್ಷೆಗೆ ಊರಿನ ಗಡಿ ಸಾಕು. ಕಾಗದ ಚಿಕ್ಕದಿತ್ತಲ್ಲ! ಬೇಕಾದ ಜಾಗದ ಆಕಾರಗಳನ್ನಷ್ಟೇ ಹುಡುಕಿಕೊಡುವ ಆರ್-ಟ್ರೀ ಇಂಡೆಕ್ಸನ್ನು ಆಂಟೊನಿನ್ ಗಟ್‌ಮನ್ 1984ರಲ್ಲೇ ವಿವರಿಸಿದ್ದ. ನಮ್ಮ ಟೇಬಲ್ಲಿಗೆ ಅದೂ ಇರಲಿಲ್ಲ.

ಇಂಡೆಕ್ಸ್ ಹಾಕಿದೆ, ದೂರದ ನೋಟಕ್ಕೆ ಊರ ಗಡಿ ಮಾತ್ರ ಉಳಿಸಿದೆ. ಸಂಜೆ ಅಪ್ಪನ ಫೋನ್: ‘ಬಂತು ಕಣೋ. ನಾವೇ ಒಂದಿಷ್ಟು ಒತ್ತಿದೀವಿ.’