ಒಪ್ಪಿಗೆ

‘ಒಪ್ಪು’ ದ್ರಾವಿಡ ಮೂಲದ ಧಾತು; ತಮಿಳು, ತೆಲುಗುಗಳಲ್ಲೂ ಉಂಟು. ಹಳಗನ್ನಡದಲ್ಲಿ ಇದಕ್ಕೆ ಹೊಂದಿಕೆಯಾಗು, ಸೊಗಸಾಗಿ ಕಾಣು ಎಂಬ ಅರ್ಥವೇ ಹೆಚ್ಚು. ಒಪ್ಪಂದ, ಒಪ್ಪಿತ, ಒಪ್ಪ-ಓರಣ ಎಲ್ಲವೂ ಇದರ ಬಳಗ. ಶಾಸನಗಳಲ್ಲಿ ‘ಒಪ್ಪ’ ಎಂದರೆ ರುಜು. ವಿಜಯನಗರದ ತಾಮ್ರಶಾಸನಗಳ ಕೊನೆಯಲ್ಲಿ ಕನ್ನಡ ಲಿಪಿಯಲ್ಲಿ ಕಾಣುವ ‘ಶ್ರೀ ವಿರೂಪಾಕ್ಷ’ ಅಂಥದ್ದೇ ಒಪ್ಪ.

ಇಂದು ಈ ಪದ ಹೆಚ್ಚು ತೂಕ ಹೊರುವುದು ಆಸ್ಪತ್ರೆಯ ‘ಒಪ್ಪಿಗೆ ಪತ್ರ’ದಲ್ಲಿ. ಕುಡಿತ ಬಿಡಿಸಲು ಕರೆತಂದವನ ಕೈ ನಡುಗುತ್ತಿರುತ್ತದೆ. ಪಕ್ಕದಲ್ಲಿ ನಿಂತ ಅಣ್ಣ ‘ಇಲ್ಲಿ ಸೈನ್ ಹಾಕು’ ಎಂದು ಬೆರಳಿಡುತ್ತಾನೆ. ಅದು ಒಪ್ಪ ಹೌದು, ಒಪ್ಪಿಗೆ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಅದರ ಪ್ರಕಾರ ಒಪ್ಪಿಗೆ ಒತ್ತಾಯ, ಬೆದರಿಕೆ, ವಂಚನೆ ಇಲ್ಲದೆ ಬರಬೇಕು. ಚಿಕಿತ್ಸೆಯ ಲಾಭ, ಅಪಾಯ, ಬೇರೆ ದಾರಿಗಳನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಮೊದಲು ಹೇಳಿರಬೇಕು. ನನ್ನ ಮಟ್ಟಿಗೆ ಈ ಕಾಯ್ದೆಯ ಜೀವಾಳವೇ ‘ತಿಳಿಯುವ ಭಾಷೆ’. ಕಲಬುರಗಿಯ ರೈತನಿಗೆ ಇಂಗ್ಲಿಷ್ ಫಾರಂ ಕೊಟ್ಟು ಹೆಬ್ಬೆಟ್ಟು ಒತ್ತಿಸಿದರೆ ಅದು ಯಾವ ಒಪ್ಪಿಗೆ?

ಇದೇ ಕಾಯ್ದೆಯ 23ನೇ ಕಲಂ ರೋಗಿಗೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಕೋರ್ಟಿನ ಆದೇಶ, ಇನ್ನೊಬ್ಬರ ಪ್ರಾಣಕ್ಕೆ ಅಪಾಯದಂಥ ಕೆಲವು ವಿನಾಯಿತಿಗಳಿವೆ. ಚಿಕಿತ್ಸೆಯ ಫೋಟೊ, ಮಾಹಿತಿಯನ್ನು ಮಾಧ್ಯಮಕ್ಕೆ ಕೊಡಲು ರೋಗಿಯ ಒಪ್ಪಿಗೆ ಬೇಕೆಂದು 24ನೇ ಕಲಂ ಹೇಳುತ್ತದೆ.