ವಿದೇಶಿ ಕಂಪನಿಯ ಹೆಸರಿನಲ್ಲಿ ಬಿಲ್

ಒಂದು ದೇಶದಲ್ಲಿ ನೆಲೆಸಿ ದುಡಿಯುವ ಸ್ವತಂತ್ರ ವೃತ್ತಿಪರರು ಇನ್ನೊಂದು ದೇಶದಲ್ಲಿ ನೋಂದಾಯಿಸಿದ ತಮ್ಮದೇ ಕಂಪನಿಯ ಹೆಸರಿನಲ್ಲಿ ಗಿರಾಕಿಗೆ ಬಿಲ್ ಕಳಿಸುವ ಪದ್ಧತಿ. ಸಾಫ್ಟ್‌ವೇರ್, ವಿನ್ಯಾಸ, ಸಲಹೆ, ಅನುವಾದದಂಥ ಕೆಲಸಗಳಲ್ಲಿ ಇದು ಹೆಚ್ಚು. ಭಾರತದ ಕಾನೂನಿನಲ್ಲಿ ಇದು ಅಪರಾಧವಲ್ಲ. ಆದರೆ ಕಂಪನಿ ಎಲ್ಲಿ ನೋಂದಣಿಯಾಗಿದೆ ಎಂಬುದೊಂದೇ ತೆರಿಗೆಯನ್ನು ತೀರ್ಮಾನಿಸುವುದಿಲ್ಲ. ಕೆಲಸ ಎಲ್ಲಿ ನಡೆಯಿತು, ವ್ಯವಹಾರದ ಸೂತ್ರ ಯಾರ ಕೈಯಲ್ಲಿತ್ತು, ಹಣ ಯಾರನ್ನು ತಲುಪಿತು ಎಂಬುದನ್ನೂ ಕಾನೂನು ಕೇಳುತ್ತದೆ.

ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಹಮ್ಮಿಗಿ ತುಂಗಭದ್ರೆಯ ದಂಡೆಯ ಊರು. ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜ್ ಇರುವುದು ಇಲ್ಲಿ. ಈ ಊರಿನ ಮನೆಯೊಂದರಲ್ಲಿ ಕುಳಿತು ಅಮೆರಿಕದ ಗಿರಾಕಿಗೆ ಕೋಡ್ ಬರೆಯುವ ಎಂಜಿನಿಯರ್ ಒಬ್ಬರಿದ್ದಾರೆ ಎಂದುಕೊಳ್ಳೋಣ. ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಅವರದೊಂದು ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಇದೆ. ಬಿಲ್ಲಿನ ಮೇಲೆ ಡೆಲವೇರ್ ವಿಳಾಸ, ಹಣ ಅಮೆರಿಕದ ಖಾತೆಗೆ. ದುಡಿಮೆಯೆಲ್ಲ ಹಮ್ಮಿಗಿಯಲ್ಲಿ.

ಮೊದಲ ಪ್ರಶ್ನೆ ಆ ಎಂಜಿನಿಯರ್ ಬಗೆಗಿನದು. ಆರ್ಥಿಕ ವರ್ಷವೊಂದರಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದವರು ಇಲ್ಲಿನ ನಿವಾಸಿ. ಊರು ಬಿಟ್ಟು ಹೋಗದೆ ದುಡಿಯುವ ನಿವಾಸಿಗೆ ಜಗತ್ತಿನ ಯಾವ ಮೂಲೆಯಿಂದ ಬಂದ ಆದಾಯವೂ ಇಲ್ಲಿ ತೆರಿಗೆಗೆ ಒಳಪಡುತ್ತದೆ. ಎರಡನೆಯದು ಕಂಪನಿಯ ಪ್ರಶ್ನೆ. ಇದಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ.

ದಕ್ಷಿಣ ಆಫ್ರಿಕಾದಲ್ಲಿ ನೋಂದಣಿಯಾಗಿ ಅಲ್ಲೇ ವಜ್ರದ ಗಣಿ ನಡೆಸುತ್ತಿದ್ದ ಡಿ ಬೀರ್ಸ್ ಕಂಪನಿಯ ಮುಖ್ಯ ತೀರ್ಮಾನಗಳು ಲಂಡನ್‌ನಲ್ಲಿ ಆಗುತ್ತಿದ್ದವು. ಆದ್ದರಿಂದ ಅದು ಬ್ರಿಟನ್ನಿನ ನಿವಾಸಿ ಎಂದು 1906ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಹಿಡಿತ ಇರುವಲ್ಲೇ ಕಂಪನಿಯ ನೆಲೆ ಎಂಬ ಈ ತತ್ವ ಭಾರತದ ನ್ಯಾಯಾಲಯಗಳಿಗೂ ಬಂತು. ಅದರ ಇತ್ತೀಚಿನ ಒಳ್ಳೆಯ ಉದಾಹರಣೆ ಮಾನಸರೋವರ್ ಕಮರ್ಷಿಯಲ್ ಪ್ರಕರಣ. ಅದರಲ್ಲಿದ್ದ ಕಂಪನಿಗಳು ಸಿಕ್ಕಿಂನಲ್ಲಿ ನೋಂದಣಿಯಾಗಿದ್ದವು. ವಿವಾದ ಹುಟ್ಟಿದ ವರ್ಷಗಳಲ್ಲಿ ಭಾರತದ ಆದಾಯ ತೆರಿಗೆ ಕಾಯ್ದೆ ಆ ರಾಜ್ಯಕ್ಕೆ ಅನ್ವಯವಾಗಿರಲಿಲ್ಲ. ಏಲಕ್ಕಿ ಮತ್ತಿತರ ಕೃಷಿ ಉತ್ಪನ್ನಗಳ ಮಾರಾಟದ ಕಮಿಷನ್ ಸಿಕ್ಕಿಂನಲ್ಲೇ ಗಳಿಸಿದ್ದು ಎಂಬುದು ಕಂಪನಿಗಳ ವಾದ. ಆದರೆ ಅವುಗಳ ಲೆಕ್ಕಪುಸ್ತಕ, ಸಹಿ ಹಾಕಿದ ಚೆಕ್ ಪುಸ್ತಕ, ಮೊಹರುಗಳು ದಿಲ್ಲಿಯಲ್ಲಿ ಲೆಕ್ಕಪರಿಶೋಧಕರೊಬ್ಬರ ಬಳಿ ಸಿಕ್ಕವು. ಹಿಡಿತ ಪೂರ್ತಿಯಾಗಿ ದಿಲ್ಲಿಯಲ್ಲೇ ಇತ್ತು, ಆದ್ದರಿಂದ ತೆರಿಗೆಯೂ ಅಲ್ಲೇ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಿಕ್ಕಿಂ ಇದ್ದ ಜಾಗದಲ್ಲಿ ಡೆಲವೇರ್ ಇಟ್ಟು, ದಿಲ್ಲಿ ಇದ್ದ ಜಾಗದಲ್ಲಿ ಹಮ್ಮಿಗಿ ಇಟ್ಟು ನೋಡಿದರೆ ತತ್ವದ ಬಲ ತಿಳಿಯುತ್ತದೆ.

ಇದೇ ತತ್ವ ಈಗ ‘ಪರಿಣಾಮಕಾರಿ ನಿರ್ವಹಣೆಯ ಸ್ಥಳ’ ಎಂಬ ಹೆಸರಿನಲ್ಲಿ, 2017–18ರ ತೆರಿಗೆ ನಿರ್ಧಾರಣಾ ವರ್ಷದಿಂದ ವಿದೇಶಿ ಕಂಪನಿಗಳಿಗೆ ಅನ್ವಯಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ, ಹಲವರು ಎಡವುವುದೂ ಇಲ್ಲೇ. ವರ್ಷದ ವಹಿವಾಟು 50 ಕೋಟಿ ರೂಪಾಯಿ ಮೀರದ ಕಂಪನಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 2017ರ ಫೆಬ್ರವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಇದನ್ನೇ ಹಿಡಿದು ಸಣ್ಣ ಕಂಪನಿಗೆ ತೆರಿಗೆಯೇ ಇಲ್ಲ ಎಂದು ನಂಬುವುದು ತಪ್ಪು. ಕಂಪನಿ ವಿದೇಶಿಯಾಗಿಯೇ ಉಳಿದರೂ ಭಾರತದಲ್ಲಿ ದುಡಿದು ಬಂದ ಲಾಭ ಭಾರತದಲ್ಲಿ ಹುಟ್ಟಿದ ಆದಾಯ. ಅದಕ್ಕೆ ವಿದೇಶಿ ಕಂಪನಿಯ ದರವಾದ ಶೇ 35ರಷ್ಟು ತೆರಿಗೆ ಬೀಳಬಹುದು.

ಲೆಕ್ಕ ಹಾಕಿ ನೋಡಿದರೆ ಇದು ಎಷ್ಟು ಭಾರವೆಂದು ಗೊತ್ತಾಗುತ್ತದೆ. ವರ್ಷಕ್ಕೆ 40 ಲಕ್ಷ ರೂಪಾಯಿ ಬರುತ್ತದೆ ಎನ್ನೋಣ. ಅರ್ಹ ವೃತ್ತಿಯ ನಿವಾಸಿ ಅದನ್ನು ತನ್ನ ಹೆಸರಿನಲ್ಲೇ ಬಿಲ್ ಮಾಡಿದರೆ, 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನ ಪ್ರಕಾರ ಅರ್ಧವನ್ನು, ಅಂದರೆ 20 ಲಕ್ಷವನ್ನು, ಆದಾಯವೆಂದು ತೋರಿಸಬಹುದು. 2025–26ರ ಹೊಸ ಪದ್ಧತಿಯ ದರದಲ್ಲಿ ತೆರಿಗೆ 2 ಲಕ್ಷ. ಸೆಸ್ ಸೇರಿ 2,08,000 ರೂಪಾಯಿ. ಅದೇ 40 ಲಕ್ಷ ಖರ್ಚು, ಸಂಬಳ ಯಾವುದೂ ಕಳೆಯದೆ ವಿದೇಶಿ ಕಂಪನಿಯ ಭಾರತೀಯ ಲಾಭ ಎನಿಸಿದರೆ ತೆರಿಗೆ, ಸೆಸ್ ಸೇರಿ 14,56,000. ಡೆಲವೇರ್ ಕಂಪನಿ ತೆರೆದರೆ ತೆರಿಗೆ ಉಳಿಯುತ್ತದೆ ಎಂಬ ಮಾತು ನಂಬಿ ಶುಲ್ಕ ಕಟ್ಟುವ ಹುಡುಗ ಹುಡುಗಿಯರಿಗೆ ಮೊದಲು ತೋರಿಸಬೇಕಾದ ಲೆಕ್ಕವಿದು. 44ಎಡಿಎ ಮಿತಿ 50 ಲಕ್ಷ. ನಗದು ವಸೂಲಿ ಶೇ 5 ಮೀರದಿದ್ದರೆ 75 ಲಕ್ಷ. 2026ರ ಏಪ್ರಿಲ್ 1 ಜಾರಿಯ ದಿನವಾಗಿರುವ 2025ರ ಆದಾಯ ತೆರಿಗೆ ಕಾಯ್ದೆಯೂ ಈ ಸೌಲಭ್ಯವನ್ನು ಉಳಿಸಿಕೊಂಡಿದೆ.

ನೇರ ದಾರಿ ಕಷ್ಟದ್ದೂ ಅಲ್ಲ. ಅಮೆರಿಕದ ಗಿರಾಕಿ ಕೇಳುವ ಡಬ್ಲ್ಯೂ–8ಬೆನ್ ನಮೂನೆ ತುಂಬಿ ಕೊಟ್ಟರಾಯಿತು. ಅಮೆರಿಕದ ಹೊರಗೆ ಮಾಡಿದ ವೈಯಕ್ತಿಕ ಸೇವೆಯ ಆದಾಯ ಅಲ್ಲಿನ ಕಾನೂನಿನ ದೃಷ್ಟಿಯಲ್ಲಿ ಅಮೆರಿಕದ ಮೂಲದ್ದಲ್ಲ. ವಸೂಲಿ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆದರೆ ಸೇವೆಯ ರಫ್ತಿಗೆ ದರ ಸೊನ್ನೆ, ಮುಚ್ಚಳಿಕೆ ಪತ್ರ ಸಲ್ಲಿಸಿ ತೆರಿಗೆ ಕಟ್ಟದೆಯೇ ಬಿಲ್ ಕಳಿಸಬಹುದು.

ಹಾಗಿದ್ದೂ ಕೆಲವರಿಗೆ ವಿದೇಶಿ ಕಂಪನಿ ನಿಜಕ್ಕೂ ಬೇಕಾಗುತ್ತದೆ. ಕೆಲವು ಗಿರಾಕಿಗಳು ವ್ಯಕ್ತಿಗಳ ಜತೆ ಒಪ್ಪಂದ ಮಾಡಿಕೊಳ್ಳುವುದಿಲ್ಲ, ಕೆಲವು ಪಾವತಿ ಸೇವೆಗಳು ಭಾರತದ ಖಾತೆಗೆ ಸುಲಭವಾಗಿ ಸಿಗುವುದಿಲ್ಲ. ಅಂಥವರು ವಿದೇಶಿ ವಿನಿಮಯದ ನಿಯಮಗಳನ್ನು ಮೊದಲು ನೋಡಬೇಕು. ನಿವಾಸಿಯೊಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿಯೊಳಗೆ ವಿದೇಶಿ ಕಂಪನಿಯಲ್ಲಿ ಹೂಡಬಹುದು. 2022ರ ಆಗಸ್ಟ್‌ನಲ್ಲಿ ಬಂದ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಇದು ಬ್ಯಾಂಕಿನ ಮೂಲಕವೇ ವರದಿಯಾಗಬೇಕು. ತನಗೆ ಸಲ್ಲಬೇಕಾದ ವಿದೇಶಿ ಹಣವನ್ನು ನಿವಾಸಿ ಭಾರತಕ್ಕೆ ತರಬೇಕೆಂಬುದು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ವಿಧಿ. ಉಲ್ಲಂಘನೆಗೆ ಮೊತ್ತದ ಮೂರು ಪಟ್ಟಿನವರೆಗೆ ದಂಡವಿದೆ. ಅತ್ತ ಅಮೆರಿಕದಲ್ಲಿ, ವಿದೇಶಿಯೊಬ್ಬರೇ ಮಾಲೀಕರಾದ ಎಲ್‌ಎಲ್‌ಸಿ ತನ್ನ ಮಾಲೀಕರೊಡನೆ ನಡೆಸಿದ ವ್ಯವಹಾರವನ್ನು 5472ನೇ ನಮೂನೆಯಲ್ಲಿ ತಿಳಿಸದಿದ್ದರೆ 25,000 ಡಾಲರ್ ದಂಡ. ತೆರಿಗೆ ಬಾಕಿ ಇಲ್ಲದಿದ್ದರೂ ಈ ಕಾಗದ ತಪ್ಪದು.

ಕಾನೂನು ಗಡುಸಾಗುವುದು ಮುಚ್ಚಿಟ್ಟಾಗ. ವಿದೇಶಿ ಖಾತೆ, ಷೇರುಗಳನ್ನು ನಿವಾಸಿ ತನ್ನ ರಿಟರ್ನ್ಸ್‌ನ ವಿದೇಶಿ ಆಸ್ತಿಗಳ ಅನುಸೂಚಿಯಲ್ಲಿ ತೋರಿಸಲೇಬೇಕು. 2015ರ ಕಪ್ಪುಹಣ ಕಾಯ್ದೆಯಲ್ಲಿ ಬಚ್ಚಿಟ್ಟ ವಿದೇಶಿ ಆದಾಯಕ್ಕೆ ಶೇ 30 ತೆರಿಗೆ, ಅದರ ಮೂರು ಪಟ್ಟು ದಂಡ. ಆಸ್ತಿ ತೋರಿಸದಿದ್ದಕ್ಕೇ ಪ್ರತ್ಯೇಕವಾಗಿ 10 ಲಕ್ಷ ರೂಪಾಯಿ ದಂಡವಿದೆ. ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷ ಮೀರದ ಆಸ್ತಿಗಳಿಗೆ 2024ರ ಅಕ್ಟೋಬರ್ 1ರಿಂದ ಈ 10 ಲಕ್ಷದ ದಂಡ ಇಲ್ಲವಾಗಿದೆ. ತೋರಿಸುವ ಹೊಣೆ ಮಾತ್ರ ಹಾಗೇ ಇದೆ.

ಎಸ್ಟೋನಿಯಾ 2014ರ ಡಿಸೆಂಬರ್‌ನಲ್ಲಿ ಆರಂಭಿಸಿದ ಇ–ರೆಸಿಡೆನ್ಸಿ ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ದೂರದಿಂದ ಕಂಪನಿ ತೆರೆದು ನಡೆಸಲು ಕೊಡುವ ಡಿಜಿಟಲ್ ಗುರುತು. ವಾಸದ ಹಕ್ಕನ್ನಾಗಲಿ ತೆರಿಗೆಯ ನಿವಾಸವನ್ನಾಗಲಿ ಅದು ಕೊಡುವುದಿಲ್ಲ. ಬ್ರಿಟನ್ ತನ್ನ ನೆಲದಲ್ಲಿ, ಸ್ವಂತ ಕಂಪನಿಯ ಹೆಸರಿನಲ್ಲಿ ನೌಕರರಂತೆಯೇ ದುಡಿಯುವವರಿಗಾಗಿ 2000ರಲ್ಲಿ ಐಆರ್35 ನಿಯಮ ತಂದಿತು. ಅಲ್ಲಿ ಐಟಿ ಗುತ್ತಿಗೆಯ ಮೇಲೆ ದುಡಿಯುವ ಕನ್ನಡಿಗರಿಗೆ ಪರಿಚಿತ ಹೆಸರು.

ಊರು ಬಿಟ್ಟು ದುಬೈಯಲ್ಲಿ ನೆಲೆಸಿದವರ ಲೆಕ್ಕ ಬೇರೆ. ವೈಯಕ್ತಿಕ ಆದಾಯ ತೆರಿಗೆ ಅಲ್ಲಿಲ್ಲ. ಭಾರತದ ಪ್ರಜೆಗೆ ವಿದೇಶಿ ಮೂಲದ್ದನ್ನು ಬಿಟ್ಟು ಉಳಿದ ಆದಾಯ 15 ಲಕ್ಷ ದಾಟಿ, ನೆಲೆಯ ಕಾರಣಕ್ಕೆ ಬೇರೆಲ್ಲೂ ತೆರಿಗೆಯ ಹೊಣೆ ಇಲ್ಲದಿದ್ದರೆ, ಅವರನ್ನು ನಿವಾಸಿಯೆಂದೇ ಎಣಿಸುವ ನಿಯಮ 2020ರಲ್ಲಿ ಬಂತು. ಆಗಲೂ ಅವರ ದುಬೈ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಭಾರತದಿಂದ ಹಿಡಿತವಿರುವ ವ್ಯವಹಾರಕ್ಕೆ ಆ ರಕ್ಷಣೆ ಸಿಗದು; ಬಿಲ್ ದುಬೈ ಕಂಪನಿಯದಾಗಿ, ವ್ಯವಹಾರವನ್ನೆಲ್ಲ ಹಮ್ಮಿಗಿಯಲ್ಲಿರುವ ತಮ್ಮ ನಡೆಸುತ್ತಿದ್ದರೆ ಆ ಲಾಭ ಭಾರತದ ಲೆಕ್ಕಕ್ಕೆ ಬರುತ್ತದೆ.