ಮರವಾದ ಮೇಲೂ ಬಗ್ಗಬಹುದು: ಅಮೆರಿಕದಲ್ಲಿ ದೊಡ್ಡವರು ಇಂಗ್ಲಿಷ್ ಮಾತು ಕಲಿತ ಕಥೆ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ನಮ್ಮ ಹಿರಿಯರು ಮಕ್ಕಳನ್ನು ತಿದ್ದುವುದಕ್ಕಾಗಿ ಹೇಳುತ್ತಿದ್ದರು. ಈ ದೇಶಕ್ಕೆ ಬಂದ ಮೇಲೆ ಅದೇ ಗಾದೆಯನ್ನು ಹಿರಿಯರು ತಮಗೇ ಹೇಳಿಕೊಳ್ಳುವುದುಂಟು. “ಈ ವಯಸ್ಸಿನಲ್ಲಿ ನಮಗೆಲ್ಲಿ ಇಂಗ್ಲಿಷ್ ಬಂದೀತು?” ಎಂದು ಊರಿನಿಂದ ಬಂದ ತಂದೆತಾಯಿಗಳು ಸುಮ್ಮನಾಗುತ್ತಾರೆ. ಬಾಗಿಲು ತಟ್ಟಿದರೆ ತೆರೆಯುವುದಿಲ್ಲ, ಫೋನ್ ಬಂದರೆ ಎತ್ತುವುದಿಲ್ಲ. ಇಂಗ್ಲಿಷಿನಲ್ಲಿಯೇ ಎಂ.ಎಸ್ಸಿ. ಓದಿ ಬಂದವರೂ ಮೊದಮೊದಲು ಅಂಗಡಿಯ ಕೌಂಟರಿನ ಮುಂದೆ ತಡವರಿಸಿದ್ದುಂಟು. ಪುಸ್ತಕದ ಇಂಗ್ಲಿಷೇ ಬೇರೆ, ಬಾಯಿಯ ಇಂಗ್ಲಿಷೇ ಬೇರೆ.

ಈ ಪಾಡು ನಮಗೆ ಮಾತ್ರ ಬಂದದ್ದಲ್ಲ. ನಮಗಿಂತ ಮೊದಲು ಇಟಲಿ, ಪೋಲೆಂಡ್, ರಷ್ಯಾ, ಗ್ರೀಸ್ ದೇಶಗಳಿಂದ ಬಂದ ಲಕ್ಷಾಂತರ ಜನ ಇದೇ ದಾರಿಯಲ್ಲಿ ನಡೆದಿದ್ದಾರೆ. ಆ ಚರಿತ್ರೆಯನ್ನು ನೋಡಿದರೆ ಎರಡು ಮಾತು ಸ್ಪಷ್ಟವಾಗುತ್ತವೆ. ದೊಡ್ಡವರಾದ ಮೇಲೂ ಮಾತು ಕಲಿಯಬಹುದು ಎಂಬುದು ಮೊದಲನೆಯದು. ಹಾಗೆ ಕಲಿಯುವುದಕ್ಕೆ ತಾಯ್ನುಡಿಯನ್ನು ಬಿಡಬೇಕಾಗಿಲ್ಲ ಎಂಬುದು ಎರಡನೆಯದು. ಈ ಎರಡನೆಯ ಪಾಠವನ್ನು ಈ ದೇಶ ಬಹಳ ತಡವಾಗಿ ಕಲಿಯಿತು.

ನಿಘಂಟು ನುಂಗಿದ ಮೇಷ್ಟ್ರು

ಕಥೆ ಶುರುವಾಗುವುದು ಅಮೆರಿಕದಲ್ಲಲ್ಲ, ಯೂರೋಪಿನಲ್ಲಿ. ಫ್ರಾಂಸ್ವಾ ಗುವಾಂ ಎಂಬ ಫ್ರೆಂಚ್ ಮೇಷ್ಟ್ರು ಲ್ಯಾಟಿನ್ ಕಲಿಸುತ್ತಿದ್ದವರು. ಜರ್ಮನ್ ಕಲಿಯಬೇಕೆಂದು ಹ್ಯಾಂಬರ್ಗ್‌ಗೆ ಹೋದರು. ಲ್ಯಾಟಿನ್ ಕಲಿತ ರೀತಿಯಲ್ಲಿಯೇ ಜರ್ಮನ್ ವ್ಯಾಕರಣವನ್ನು ಬಾಯಿಪಾಠ ಮಾಡಿದರು. ಹೊರಗೆ ಹೋಗಿ ಕೇಳಿದರೆ ಒಂದು ಮಾತೂ ಅರ್ಥವಾಗಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಮೂವತ್ತು ಸಾವಿರ ಪದಗಳ ನಿಘಂಟನ್ನೇ ಉರು ಹೊಡೆದೆನೆಂದು ಅವರೇ ಹೇಳಿಕೊಂಡಿದ್ದಾರೆ. ಆಗಲೂ ಅಷ್ಟೇ. ಸೋತು ಊರಿಗೆ ಹಿಂದಿರುಗಿದಾಗ, ಮೂರು ವರ್ಷದ ಅವರ ಸೋದರಳಿಯ ಅರಳು ಹುರಿದಂತೆ ಫ್ರೆಂಚ್ ಮಾತಾಡುತ್ತಿದ್ದ. ಆ ಮಗು ಹಿಟ್ಟಿನ ಗಿರಣಿಯನ್ನು ನೋಡಿ ಬಂದು, ಅಲ್ಲಿ ಕಂಡದ್ದನ್ನು ಒಂದಾದ ಮೇಲೊಂದರಂತೆ ಮಾತಿನಲ್ಲಿ ಕಟ್ಟಿ, ಆಡಿ ತೋರಿಸುತ್ತಿತ್ತು.

ಗುವಾಂ ಅವರಿಗೆ ಹೊಳೆದದ್ದು ಇಷ್ಟೇ: ಮಾತು ಹುಟ್ಟುವುದು ನಿಘಂಟಿನ ಅಕಾರಾದಿಯಿಂದಲ್ಲ, ಮಾಡುವ ಕೆಲಸದ ಕ್ರಮದಿಂದ. ಬಾಗಿಲ ಹತ್ತಿರ ಹೋಗುವುದು, ಹಿಡಿ ತಿರುಗಿಸುವುದು, ಬಾಗಿಲು ತೆರೆಯುವುದು – ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಚಿಕ್ಕ ವಾಕ್ಯ. 1880ರಲ್ಲಿ ಅವರ ಪುಸ್ತಕ ಪ್ರಕಟವಾಯಿತು. 1892ರಲ್ಲಿ ಅದು ಇಂಗ್ಲಿಷಿಗೆ ಬಂತು.

ಗಣಿ ಕಾರ್ಮಿಕರ ಪಾಠ

ಈ ವಿಧಾನವನ್ನು ವಲಸಿಗರ ಬಳಿಗೆ ತಂದವರು ಪೀಟರ್ ರಾಬರ್ಟ್ಸ್. ಅವರೂ ವೇಲ್ಸ್‌ನಿಂದ ವಲಸೆ ಬಂದವರೇ. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗಳ ಪ್ರದೇಶದಲ್ಲಿ ಪಾದ್ರಿಯಾಗಿದ್ದರು. 1907ರಲ್ಲಿ ವೈಎಂಸಿಎ ಸೇರಿ, ವಲಸಿಗರಿಗೆ ಇಂಗ್ಲಿಷ್ ಕಲಿಸುವ ಕೆಲಸ ಕೈಗೆತ್ತಿಕೊಂಡರು. ಕಾಲವೂ ಅದಕ್ಕೆ ತಕ್ಕಂತಿತ್ತು. 1906ರ ಪೌರತ್ವ ಕಾಯಿದೆ, ಅಮೆರಿಕದ ಪ್ರಜೆಯಾಗಬೇಕಾದರೆ ಇಂಗ್ಲಿಷ್ ಮಾತಾಡಲು ಬರಬೇಕೆಂದು ಮೊದಲ ಸಲ ವಿಧಿಸಿತ್ತು.

ರಾಬರ್ಟ್ಸ್ ಅವರ ಪಾಠಗಳಲ್ಲಿ ಮೂರು ಮಾಲೆಗಳಿದ್ದವು: ಮನೆಯ ಮಾತು, ಕೆಲಸದ ಮಾತು, ವ್ಯವಹಾರದ ಮಾತು. ಪ್ರತಿಯೊಂದರಲ್ಲೂ ಹತ್ತು ಪಾಠ. ಮೊದಲ ಪಾಠ ಬೆಳಿಗ್ಗೆ ಹಾಸಿಗೆಯಿಂದ ಏಳುವುದು! ಮೇಷ್ಟ್ರು ಕಣ್ಣು ಮುಚ್ಚಿ ತೆರೆದು, ಬಟ್ಟೆ ತೊಡುವಂತೆ ನಟಿಸಿ, ಒಂದೊಂದು ವಾಕ್ಯ ಹೇಳಬೇಕು. ಕಲಿಯುವವರು ಹಾಗೆಯೇ ನಟಿಸಿ ಹೇಳಬೇಕು. ಕರ್ತೃ, ಕರ್ಮ, ಕ್ರಿಯಾಪದಗಳ ಹೆಸರೂ ಇಲ್ಲ. ದಿನವಿಡೀ ದುಡಿದು ಬಂದ ಗಣಿ ಕೆಲಸಗಾರನಿಗೆ ನಾಳೆ ಬೆಳಿಗ್ಗೆಯೇ ಉಪಯೋಗಕ್ಕೆ ಬರುವ ಮಾತು ಬೇಕಾಗಿತ್ತು. ಅದು ಅವನಿಗೆ ಸಿಕ್ಕಿತು.

ಫೋರ್ಡ್ ಕಾರ್ಖಾನೆಯ ಕಡಾಯಿ

ಇನ್ನು ಡೆಟ್ರಾಯಿಟ್‌ಗೆ ಬರೋಣ. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ ಐದು ಡಾಲರ್ ಸಂಬಳ ಪ್ರಕಟಿಸಿದ್ದು ಎಲ್ಲರಿಗೂ ಗೊತ್ತು. ಆ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಹೆಚ್ಚಿನವರು ಹೊರದೇಶಗಳಲ್ಲಿ ಹುಟ್ಟಿದವರು. ಅದೇ ವರ್ಷ ಕಂಪನಿ ತನ್ನದೇ ಇಂಗ್ಲಿಷ್ ಶಾಲೆ ತೆರೆಯಿತು. ಪಾಠ ರಾಬರ್ಟ್ಸ್ ವಿಧಾನದ್ದು. ಕಲಿಸುವವರು ಕಾರ್ಖಾನೆಯ ನೌಕರರೇ, ಅದೂ ಸಂಬಳವಿಲ್ಲದೆ. ಪಾಳಿಗೆ ಮುಂಚೆ ಅಥವಾ ಪಾಳಿ ಮುಗಿದ ಮೇಲೆ ತರಗತಿ. ಸಾವಿರಾರು ಜನ ಇಲ್ಲಿ ಮಾತು ಕಲಿತರು ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಆ ಶಾಲೆಯ ಪದವಿ ಪ್ರದಾನ ಸಮಾರಂಭದ ವರ್ಣನೆ ಓದಿದರೆ ನಮ್ಮಂಥವರ ಎದೆ ಸ್ವಲ್ಪ ಹಿಂಡುತ್ತದೆ. ವೇದಿಕೆಯ ಹಿಂಭಾಗದಲ್ಲಿ ಹಡಗಿನ ಚಿತ್ರ, ಮುಂದೆ ಒಂದು ಭಾರಿ ಕಡಾಯಿ. ಕಲಿತವರು ತಮ್ಮ ತಮ್ಮ ನಾಡಿನ ಉಡುಪು ತೊಟ್ಟು, ಗಂಟುಮೂಟೆ ಹೊತ್ತು, ಹಡಗಿನಿಂದಿಳಿದು ಕಡಾಯಿಯೊಳಗೆ ಹೋಗಬೇಕು. ಮೇಷ್ಟ್ರುಗಳು ಉದ್ದನೆಯ ಸೌಟಿನಿಂದ ಕಲಕುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಅಮೆರಿಕನ್ ಸೂಟು ತೊಟ್ಟು, ಬಾವುಟ ಬೀಸುತ್ತ ಹೊರಗೆ ಬರುತ್ತಾರೆ. ಹಳೆಯದೆಲ್ಲ ಕರಗಿಹೋಯಿತೆಂದು ಅರ್ಥ. ಭಾಷೆ ಕಲಿಸಿದ್ದು ಸರಿ. ಅದಕ್ಕೆ ಕೇಳಿದ ಬೆಲೆ ಹೆಚ್ಚಾಯಿತು.

ಮೊದಲನೆಯ ಮಹಾಯುದ್ಧದ ಹೊತ್ತಿಗೆ ಈ ಧೋರಣೆ ಇನ್ನೂ ಬಿಗಿಯಾಯಿತು. 1918ರಲ್ಲಿ ಅಯೋವಾ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್, ಸಾರ್ವಜನಿಕ ಸ್ಥಳಗಳಲ್ಲಿಯೂ ಟೆಲಿಫೋನಿನಲ್ಲಿಯೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದೆಂದು ಫರ್ಮಾನು ಹೊರಡಿಸಿದರು. ನೆಬ್ರಾಸ್ಕಾದಲ್ಲಿ ಚಿಕ್ಕ ಮಕ್ಕಳಿಗೆ ಬೇರೆ ಭಾಷೆ ಕಲಿಸುವುದೇ ಅಪರಾಧವಾಯಿತು. ಜರ್ಮನ್ ಓದಿಸಿದ ಒಬ್ಬ ಮೇಷ್ಟ್ರಿಗೆ ದಂಡ ಬಿತ್ತು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1923ರಲ್ಲಿ ನ್ಯಾಯಾಲಯ ಆ ಕಾಯಿದೆಯನ್ನು ತಳ್ಳಿಹಾಕಿತು. ಇಂದು ನಮ್ಮ ಕೂಟಗಳು ವಾರಾಂತ್ಯದಲ್ಲಿ ಕನ್ನಡ ಶಾಲೆ ನಡೆಸುವಾಗ ಆ ಮೇಷ್ಟ್ರ ಹೋರಾಟವನ್ನು ಒಮ್ಮೆ ನೆನೆಯಬೇಕು.

ಮನೆಯ ಬಾಗಿಲಿಗೆ ಬಂದ ಪಾಠ

ಕಾರ್ಖಾನೆಗೆ ಹೋದ ಗಂಡಸರಿಗೆ ಶಾಲೆಯಾಯಿತು. ಮನೆಯಲ್ಲಿಯೇ ಉಳಿದ ತಾಯಂದಿರ ಪಾಡೇನು? ಷಿಕಾಗೋದಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಸ್ಥಾಪಿಸಿದ ಹಲ್ ಹೌಸ್, ನೆರೆಹೊರೆಯ ವಲಸೆ ಕುಟುಂಬಗಳಿಗೆ ಇಂಗ್ಲಿಷ್ ತರಗತಿ ನಡೆಸುತ್ತಿತ್ತು. ಕ್ಯಾಲಿಫೋರ್ನಿಯಾ 1915ರಲ್ಲಿ ಒಂದು ಕಾಯಿದೆಯನ್ನೇ ಮಾಡಿ, ಮನೆ ಮನೆಗೆ ಹೋಗಿ ತಾಯಂದಿರಿಗೆ ಕಲಿಸುವ ಶಿಕ್ಷಕಿಯರನ್ನು ನೇಮಿಸಲು ಶಾಲಾ ಮಂಡಳಿಗಳಿಗೆ ಅಧಿಕಾರ ಕೊಟ್ಟಿತು. ಯೋಚನೆ ಒಳ್ಳೆಯದೇ. ಆದರೆ ಇಲ್ಲಿಯೂ ಕಡಾಯಿಯ ನೆರಳಿತ್ತು. ಮೆಕ್ಸಿಕೋದ ತಾಯಂದಿರಿಗೆ ಇಂಗ್ಲಿಷಿನ ಜೊತೆಗೆ, ಟಾರ್ಟಿಯಾ ಬಿಟ್ಟು ಬ್ರೆಡ್ ಮಾಡಿರೆಂಬ ಉಪದೇಶವೂ ಸೇರಿರುತ್ತಿತ್ತು. ಇಂಗ್ಲಿಷ್ ಬರಬೇಕಾದರೆ ರಾಗಿಮುದ್ದೆ ಬಿಡಬೇಕೆಂದು ನಮ್ಮ ಅಜ್ಜಿಗೆ ಯಾರಾದರೂ ಹೇಳಿದಂತೆ!

ನಮ್ಮವರು ಬಂದಾಗ

ಆ ಕಾಲದಲ್ಲಿ ಭಾರತೀಯನಿಗೆ ಇಂಗ್ಲಿಷ್ ಎಷ್ಟು ಚೆನ್ನಾಗಿ ಬಂದರೂ ಪ್ರಯೋಜನವಿರಲಿಲ್ಲ. ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದೂ ಅದೇ 1923ರಲ್ಲಿ. 1946ರಲ್ಲಿ ಬಾಗಿಲು ತುಸು ತೆರೆಯಿತು; ವರ್ಷಕ್ಕೆ ಕೇವಲ 100 ಜನ. 1965ರ ವಲಸೆ ಕಾಯಿದೆಯ ನಂತರವೇ ನಮ್ಮ ವೈದ್ಯರು, ಎಂಜಿನಿಯರುಗಳು, ವಿಜ್ಞಾನಿಗಳು ಹೆಚ್ಚಿನ ಸಂಖ್ಯೆಯಲ್ಲಿ ಬಂದದ್ದು.

ಇವರು ಇಂಗ್ಲಿಷ್ ಕಲಿತೇ ಬಂದವರು. ಆದರೂ ಹೊಸದಾಗಿ ಕಲಿಯಬೇಕಾಯಿತು. ‘ಲಿಫ್ಟ್’ ಇಲ್ಲಿ ‘ಎಲಿವೇಟರ್’ ಆಯಿತು, ಹೋಟೆಲಿನ ‘ಬಿಲ್ಲು’ ‘ಚೆಕ್ಕು’ ಆಯಿತು, ‘ಝೆಡ್’ ‘ಝೀ’ ಆಯಿತು. ಕನ್ನಡ ಮಾಧ್ಯಮದಲ್ಲಿ ಓದಿ, ಐದನೆಯ ತರಗತಿಯಲ್ಲಿ ಇಂಗ್ಲಿಷ್ ಅಕ್ಷರ ತಿದ್ದಿದವರಿಗೆ ವ್ಯಾಕರಣ ಕಂಠಪಾಠವಾಗಿತ್ತು. ಹರಟೆ ಹೊಡೆಯುವುದು ಬರುತ್ತಿರಲಿಲ್ಲ. ಗುವಾಂ ಮೇಷ್ಟ್ರ ಹ್ಯಾಂಬರ್ಗ್ ಕಥೆಯೇ! ಅವರ ಮನೆಯವರು ಹಿಂದಿನಿಂದ ಬಂದರು. ಮುಂದೆ ಕಪಿಲ್ ದೇವ್ ಜಾಹೀರಾತಿನ ರಾಪಿಡೆಕ್ಸ್ ಪುಸ್ತಕವನ್ನು ಸೂಟ್‌ಕೇಸಿನಲ್ಲಿ ತಂದವರೂ ಇದ್ದರು. ಪುಸ್ತಕ ವಾಕ್ಯ ಕೊಡುತ್ತದೆ. ಎದುರು ಕೂತು ಮಾತಾಡುವ ಮನುಷ್ಯನನ್ನು ಕೊಡುವುದಿಲ್ಲ.

ಆ ಮನುಷ್ಯರನ್ನು ಒದಗಿಸುವ ಕೆಲಸ ಈ ದೇಶದಲ್ಲಿ ಅಷ್ಟರಲ್ಲಿ ಶುರುವಾಗಿತ್ತು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನಲ್ಲಿ ರೂತ್ ಕಾಲ್ವಿನ್ ಎಂಬ ಮಹಿಳೆ, ತನ್ನ ಊರಿನಲ್ಲಿಯೇ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರಿಗೆ ಸರಿಯಾಗಿ ಓದಲು ಬಾರದೆಂದು ತಿಳಿದು, 1962ರಲ್ಲಿ ಸ್ವಯಂಸೇವಕರ ಸಂಸ್ಥೆಯೊಂದನ್ನು ಕಟ್ಟಿದರು. ಮುಂದೆ ಅದು ವಲಸಿಗರಿಗೆ ಇಂಗ್ಲಿಷ್ ಕಲಿಸುವುದಕ್ಕೂ ಹಬ್ಬಿತು. ಒಬ್ಬರ ಎದುರು ಒಬ್ಬರು ಕೂತು ಕಲಿಯುವುದು ಅದರ ರೀತಿ. ಕಾಲ್ವಿನ್ 2024ರಲ್ಲಿ 107ನೆಯ ವಯಸ್ಸಿನಲ್ಲಿ ತೀರಿಕೊಂಡರು. 1966ರ ವಯಸ್ಕರ ಶಿಕ್ಷಣ ಕಾಯಿದೆಯಿಂದ ಇಂಥ ತರಗತಿಗಳಿಗೆ ಕೇಂದ್ರ ಸರ್ಕಾರದ ಹಣವೂ ದೊರೆಯಿತು. 1975ರ ನಂತರ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ನಿರಾಶ್ರಿತರು ಬಂದಾಗ ಪಾಠಗಳು ಇನ್ನಷ್ಟು ನೆಲಕ್ಕಿಳಿದವು: ಬಾಡಿಗೆ ಮನೆ ಕೇಳುವುದು, ಬಸ್ಸು ಹತ್ತುವುದು, ಡಾಕ್ಟರಿಗೆ ನೋವು ಎಲ್ಲಿದೆಯೆಂದು ಹೇಳುವುದು.

ಬೆಂಗಳೂರಿನ ಕೊಡುಗೆ

ಈ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಸ್ಥಾನವಿದೆಯೆಂಬುದು ಅನೇಕರಿಗೆ ತಿಳಿಯದು. ಅಲ್ಲಿ 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದ ಚರ್ಚೆಗಳಿಂದ ಹುಟ್ಟಿದ ಒಂದು ಪ್ರಯೋಗ, 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಯಿತು. ಅದರ ಮುಂದಾಳು ಎನ್.ಎಸ್. ಪ್ರಭು. ಮಕ್ಕಳಿಗೆ ವ್ಯಾಕರಣ ಹೇಳಿಕೊಡಲಿಲ್ಲ, ವಾಕ್ಯಗಳನ್ನು ಉರು ಹೊಡೆಸಲೂ ಇಲ್ಲ. ರೈಲಿನ ವೇಳಾಪಟ್ಟಿಯನ್ನೋ ಊರಿನ ನಕಾಶೆಯನ್ನೋ ಕೈಗಿಟ್ಟು, ಯಾವ ರೈಲು ಹಿಡಿಯಬೇಕು, ಯಾವ ದಾರಿ ಹತ್ತಿರ ಎಂಬ ಲೆಕ್ಕ ಬಿಡಿಸಲು ಹೇಳಿದರು. ಮನಸ್ಸು ಅರ್ಥದ ಮೇಲಿದ್ದರೆ ಭಾಷೆ ತಾನಾಗಿ ಮೈಗೂಡುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಅವರ ಪುಸ್ತಕ ಹೊರಬಂತು. ಕೆಲಸದ ಮೂಲಕ ಭಾಷೆ ಕಲಿಸುವ ಪದ್ಧತಿಯ ಚರ್ಚೆ ಜಗತ್ತಿನಲ್ಲಿ ಎಲ್ಲಿ ನಡೆದರೂ ಇಂದಿಗೂ ‘ಬೆಂಗಳೂರು ಪ್ರಾಜೆಕ್ಟ್’ ಹೆಸರು ಬರುತ್ತದೆ. ಆ ಪ್ರಯೋಗ ಮಕ್ಕಳಿಗಾಗಿ ನಡೆದದ್ದು ನಿಜ. ಆದರೆ ತಪ್ಪಾದೀತೆಂಬ ಅಂಜಿಕೆ ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚಾದ್ದರಿಂದ, ಅದರ ಪಾಠ ನಮಗೆ ಇನ್ನೂ ಹೆಚ್ಚು ಸಲ್ಲುತ್ತದೆ.

ನಮ್ಮ ಮುಂದಿರುವ ಕೆಲಸ

ಕಾನೂನು ಇಂದು ಕಡಾಯಿಯ ಕಾಲವನ್ನು ಒಂದಿಷ್ಟು ದಾಟಿದೆ. 50 ವರ್ಷ ತುಂಬಿ, ಗ್ರೀನ್ ಕಾರ್ಡ್ ಪಡೆದು 20 ವರ್ಷ ಇಲ್ಲಿ ವಾಸಿಸಿದವರಿಗೆ, ಅಥವಾ 55 ತುಂಬಿ 15 ವರ್ಷ ವಾಸಿಸಿದವರಿಗೆ ಪೌರತ್ವ ಪರೀಕ್ಷೆಯಲ್ಲಿ ಇಂಗ್ಲಿಷಿನಿಂದ ವಿನಾಯಿತಿ ಉಂಟು. ನಾಗರಿಕ ವಿಷಯಗಳ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ತಾಯ್ನುಡಿಯಲ್ಲಿಯೇ ಉತ್ತರಿಸಬಹುದು. ಆದರೆ 62ನೆಯ ವಯಸ್ಸಿಗೆ ಗ್ರೀನ್ ಕಾರ್ಡ್ ಪಡೆದು ಬಂದ ತಾಯಿ ಈ ವಿನಾಯಿತಿಗೆ ಕಾದರೆ 77 ಆಗುತ್ತದೆ. ಅಲ್ಲದೆ ಪೌರತ್ವಕ್ಕಿಂತ ಮುಖ್ಯವಾದವು ಇವೆ. ಮನೆಯಲ್ಲಿ ಯಾರೂ ಇಲ್ಲದಾಗ ಎದೆ ನೋವು ಬಂದರೆ 911ಕ್ಕೆ ಕರೆದು ವಿಳಾಸ ಹೇಳಬೇಡವೇ? ಡಾಕ್ಟರಿಗೆ ತನ್ನ ಕಾಯಿಲೆಯನ್ನು ಹತ್ತು ವರ್ಷದ ಮೊಮ್ಮಗನ ಬಾಯಿಂದ ಹೇಳಿಸುವ ಸಂಕೋಚ ಯಾರಿಗೆ ಬೇಕು?

ಊರೂರಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ, ಕಮ್ಯುನಿಟಿ ಕಾಲೇಜುಗಳಲ್ಲಿ ಉಚಿತವಾಗಿಯೋ ಅಲ್ಪ ಖರ್ಚಿನಲ್ಲಿಯೋ ಸಂಭಾಷಣೆಯ ತರಗತಿಗಳಿವೆ. ಅಮ್ಮನನ್ನು ಒಮ್ಮೆ ಕರೆದುಕೊಂಡು ಹೋಗಿ ಬಿಡಿ. ಜೊತೆಗೆ ಪಕ್ಕದ ಮನೆಯ ಅಮ್ಮನೂ ಇದ್ದರೆ ಧೈರ್ಯ ಇಮ್ಮಡಿಯಾಗುತ್ತದೆ. ನಮ್ಮ ಕೂಟವೂ ಒಂದು ಕೆಲಸ ಮಾಡಬಹುದು. ಮಕ್ಕಳ ಕನ್ನಡ ತರಗತಿ ನಡೆಯುವ ಹೊತ್ತಿಗೇ, ಅದೇ ಕಟ್ಟಡದಲ್ಲಿ, ಅಜ್ಜ-ಅಜ್ಜಿಯರಿಗೆ ಅರ್ಧ ಗಂಟೆ ಇಂಗ್ಲಿಷ್ ಮಾತಿನ ಪಾಠ. ಕಲಿಸುವವರು ಮೊಮ್ಮಕ್ಕಳೇ ಆಗಲಿ. ಪುಸ್ತಕ ಬೇಡ: ಅಂಗಡಿಯ ಚೀಟಿ, ಬಸ್ಸಿನ ವೇಳಾಪಟ್ಟಿ, ಔಷಧದ ಶೀಶೆ ಸಾಕು. ಉಳಿದ ಅರ್ಧ ಗಂಟೆ ಅಜ್ಜಿ ಮೊಮ್ಮಕ್ಕಳಿಗೆ ಕನ್ನಡದಲ್ಲಿ ಕಥೆ ಹೇಳಲಿ. ಫೋರ್ಡ್ ಶಾಲೆಯಲ್ಲಿ ಒಂದು ಕಡೆಯವರು ಕಲಿಸಿದರು, ಇನ್ನೊಂದು ಕಡೆಯವರು ಕರಗಿದರು. ಇಲ್ಲಿ ಇಬ್ಬರೂ ಕಲಿಸುವವರು, ಇಬ್ಬರೂ ಕಲಿಯುವವರು. ಯಾರೂ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ.